ಬಲ್ಬಿನ ಗದ್ದಲಕ್ಕೆ ಉಕ್ಕಿನ ಬಳೆ ಸಾಕೆ?

ಪ್ರಶ್ನೆ: ಎಲ್‌ಇಡಿ ದೀಪ ಹಾಕಿದರೆ ಭದ್ರಾವತಿ ಆಕಾಶವಾಣಿ ಗೊರಗುಟ್ಟುತ್ತದೆ. ಚೋಕ್ ಸುತ್ತಲು ಉಕ್ಕಿನ ಬಳೆ ಆಗದೆ?
– ಓದುಗರೊಬ್ಬರು, ಮಲವಗೊಪ್ಪ

ಉತ್ತರ: ಭದ್ರಾವತಿಯ ಉಕ್ಕಾದರೂ ಆಗದು! ಟ್ಯೂಬ್‌ಲೈಟ್ ಚೋಕಿನಲ್ಲಿ ಉಕ್ಕಿನ ತಗಡುಗಳಿವೆ ನಿಜ, ಆದರೆ ಅದು 50 ಹರ್ಟ್ಸ್‌ನ ಕೆಲಸ. ನಿಮ್ಮ ಕೇಂದ್ರದ್ದು 675 ಕಿಲೋಹರ್ಟ್ಸ್. ಆ ವೇಗದಲ್ಲಿ ಉಕ್ಕಿನ ಮೈಮೇಲೆಯೇ ಸುಳಿಪ್ರವಾಹ ಎದ್ದು, ಕಾಂತಕ್ಷೇತ್ರವನ್ನು ಒಳಗೇ ಬಿಡುವುದಿಲ್ಲ.

ಬೇಕಾದ್ದು ಫೆರೈಟ್. ಕಬ್ಬಿಣದ ಆಕ್ಸೈಡನ್ನು ಬೇರೆ ಲೋಹಗಳ ಆಕ್ಸೈಡಿನೊಂದಿಗೆ ಸುಟ್ಟು ಮಾಡಿದ ಕರಿ ಪಿಂಗಾಣಿ ಅದು. ಅದರಲ್ಲಿ ವಿದ್ಯುತ್ತು ಸುಲಭವಾಗಿ ಹರಿಯದು, ಹಾಗಾಗಿ ಸುಳಿಪ್ರವಾಹ ಅಷ್ಟಾಗಿ ಏಳದು. ಮೀಡಿಯಂ ವೇವ್‌ಗೆ ಮ್ಯಾಂಗನೀಸ್-ಸತುವಿನದು ಕೊಳ್ಳಿ. ನಿಕಲ್-ಸತುವಿನದು ಎಫ್‌ಎಂಗೆ ವಾಸಿ. ಹಳೇ ಕಂಪ್ಯೂಟರಿನ ಹಳದಿ-ಬಿಳಿ ಬಳೆಗೆ ಮರುಳಾಗಬೇಡಿ, ಅದು ಕಬ್ಬಿಣದ ಪುಡಿಯದು.

ಕರೆಂಟ್ ತೆಗೆದು, ದೀಪದ ಎರಡೂ ತಂತಿಗಳನ್ನು ಫೆರೈಟ್ ಬಳೆಗೆ ಜೋಡಿಯಾಗಿಯೇ ಸುತ್ತಿ. ಹೋಗುವ, ಬರುವ ಕರೆಂಟಿನ ಕ್ಷೇತ್ರಗಳು ಒಂದನ್ನೊಂದು ಅಳಿಸುತ್ತವೆ. ಬಳೆ ತಡೆಯುವುದು ಎರಡೂ ತಂತಿಯಲ್ಲಿ ಒಂದೇ ದಿಕ್ಕಿಗೆ ಹರಿಯುವ ಗದ್ದಲವನ್ನಷ್ಟೇ. ಸುತ್ತು ಇಮ್ಮಡಿಯಾದರೆ ಆ ಗದ್ದಲ ತಡೆಯುವ ಇಂಡಕ್ಟೆನ್ಸ್ ನಾಲ್ಮಡಿ.