ಇಪ್ಪತ್ತೈದಕ್ಕೇ ಹಣೆ ಅಗಲವಾದರೆ: ಗುಳಿಗೆ ನುಂಗಬೇಕೋ ಬೇಡವೋ

ಸೂಡಿ, ನರೇಗಲ್ಲ, ಗಜೇಂದ್ರಗಡದ ಕಡೆ ಹುಡುಗನ ತಲೆಗೂದಲು ಇಪ್ಪತ್ತೈದರೊಳಗೇ ತೆಳ್ಳಗಾದರೆ ಮೊದಲ ಆರೋಪ ಬೋರಿನ ಸವಳು ನೀರಿನ ಮೇಲೆ. ಆಮೇಲೆ ಹೆಲ್ಮೆಟ್ಟು. ಅದೂ ಅಲ್ಲವೆಂದರೆ ಹುಬ್ಬಳ್ಳಿಯಲ್ಲೋ ಬೆಂಗಳೂರಲ್ಲೋ ರೂಮು ಮಾಡಿಕೊಂಡು ಉಂಡ ಊಟ. ಮನೆಯಲ್ಲಿ ಕನ್ಯಾ ನೋಡುವ ಮಾತು ಶುರುವಾಗಿದ್ದರಂತೂ ಸಲಹೆಗೆ ಕೊನೆಯಿಲ್ಲ. ಒಬ್ಬರು ಎಣ್ಣೆ ಹೇಳುತ್ತಾರೆ, ಇನ್ನೊಬ್ಬರು ಉಳ್ಳಾಗಡ್ಡಿ ರಸ, ಗೆಳೆಯರು ಮೊಬೈಲಿನಲ್ಲಿ ನೋಡಿದ ಗುಳಿಗೆ. ರಾಜ್ ಬಿ. ಶೆಟ್ಟಿ 2017ರಲ್ಲಿ ತೆಗೆದ ‘ಒಂದು ಮೊಟ್ಟೆಯ ಕಥೆ’ ಸಿನಿಮಾದ ನಾಯಕ, 28ರ ಬಕ್ಕತಲೆಯ ಕನ್ನಡ ಅಧ್ಯಾಪಕ ಜನಾರ್ದನನ ಪಾಡನ್ನು ನೋಡಿ ನಕ್ಕವರಲ್ಲಿ ಎಷ್ಟೋ ಮಂದಿ ಮನೆಗೆ ಬಂದು ಕನ್ನಡಿಯಲ್ಲಿ ತಮ್ಮ ನೆತ್ತಿ ನೋಡಿಕೊಂಡಿರಬೇಕು.

ಬಕ್ಕತಲೆಯನ್ನು ತಡೆಯುವ ಔಷಧಗಳು ಇವೆ, ಕೆಲಸವನ್ನೂ ಮಾಡುತ್ತವೆ. ಆದರೆ ಅವು ಹತ್ತು ದಿನದ ಕೋರ್ಸ್ ಅಲ್ಲ. ಶುರು ಮಾಡುವ ಮುನ್ನ ಅವು ಏನು ಮಾಡುತ್ತವೆ, ಏನು ಮಾಡಲಾರವು, ಎಷ್ಟು ವರ್ಷ ಬೇಕು ಎಂಬುದು ಗೊತ್ತಿದ್ದರೆ ಅರ್ಧ ಗೊಂದಲ ಅಲ್ಲೇ ತೀರುತ್ತದೆ.

ಉದುರುವುದೆಲ್ಲ ಬಕ್ಕತಲೆಯಲ್ಲ

ಆರೋಗ್ಯವಂತರಿಗೂ ದಿನಕ್ಕೆ 50ರಿಂದ 100 ಕೂದಲು ಉದುರುತ್ತವೆ. ಬಾಚಣಿಗೆಯಲ್ಲಿ ಎಷ್ಟು ಸಿಕ್ಕಿತು ಎನ್ನುವುದಕ್ಕಿಂತ ತಲೆಯ ಯಾವ ಭಾಗ ತೆಳ್ಳಗಾಯಿತು ಎಂಬುದು ಮುಖ್ಯ. ಗಂಡಸರ ವಂಶಪಾರಂಪರ್ಯದ ಬೋಳು ಹಣೆಯ ಎರಡು ಮೂಲೆಯಿಂದ ಮತ್ತು ನೆತ್ತಿಯಿಂದ ನಿಧಾನವಾಗಿ ಶುರುವಾಗುತ್ತದೆ. ಹಿಂಬದಿ ಮತ್ತು ಕಿವಿಯ ಮೇಲ್ಭಾಗ ಗಟ್ಟಿಯಾಗಿಯೇ ಉಳಿಯುತ್ತದೆ. ಸವಳು ನೀರಿನ ವಾದ ಸೋಲುವುದು ಇಲ್ಲೇ. ಅಂಥ ನೀರಲ್ಲಿ ಸಾಬೂನು ನೊರೆಯಾಗುವುದಿಲ್ಲ, ಕೂದಲು ಒರಟಾಗುತ್ತದೆ, ತುಂಡಾಗಲೂಬಹುದು. ಆದರೆ ನೀರು ಬೀಳುವುದು ಇಡೀ ತಲೆಯ ಮೇಲೆ. ಹಣೆಯ ಮೂಲೆಗಳನ್ನಷ್ಟೇ ಅದು ಆರಿಸಿಕೊಳ್ಳುವುದಿಲ್ಲ. ಅದೇ ನೀರಲ್ಲಿ ತಲೆ ತೊಳೆದುಕೊಳ್ಳುವ ತಂಗಿಯ ಜಡೆ ದಪ್ಪಗೇ ಇರುತ್ತದೆ.

ಟೈಫಾಯ್ಡ್, ಡೆಂಗಿಯಂಥ ಜ್ವರ ಬಂದು ಎರಡು–ಮೂರು ತಿಂಗಳ ನಂತರ ಕೂದಲು ಹಿಡಿಹಿಡಿಯಾಗಿ ಉದುರಬಹುದು. ಊಟ ಬಿಟ್ಟು ತೂಕ ಇಳಿಸಿದವರಿಗೂ ಹೀಗಾಗುತ್ತದೆ. ಇದು ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ತಾನಾಗಿ ಸರಿಹೋಗುತ್ತದೆ. ರಕ್ತಹೀನತೆ, ಥೈರಾಯ್ಡ್ ತೊಂದರೆಯಿಂದ ಉದುರಿದರೆ ಚಿಕಿತ್ಸೆ ಅವಕ್ಕೆ ಬೇಕು. ನಾಣ್ಯದಂತೆ ದುಂಡಗೆ ಕೂದಲು ಹೋದರೆ, ಚರ್ಮ ಕೆಂಪಾಗಿ ತುರಿಸಿದರೆ, ಕೀವಾದರೆ ಅದು ಬೇರೆಯೇ ಕಾಯಿಲೆ. 2024ರ ಕೊನೆ, 2025ರ ಆರಂಭದಲ್ಲಿ ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯ ಶೇಗಾಂವ್ ಸುತ್ತಲಿನ ಹಳ್ಳಿಗಳಲ್ಲಿ ಹೆಂಗಸರು ಮಕ್ಕಳೆನ್ನದೆ ಕೆಲವೇ ದಿನಗಳಲ್ಲಿ ಕೂದಲು ಕಳೆದುಕೊಂಡಾಗಲೂ ಮೊದಲ ಅನುಮಾನ ನೀರಿನ ಮೇಲೇ ಬಿದ್ದಿತ್ತು. ಬಳಿಕ ವೈದ್ಯ ಹಿಮ್ಮತರಾವ್ ಬಾವಸ್ಕರ್ ಗೋಧಿಯಲ್ಲಿದ್ದ ಸೆಲೆನಿಯಂ ಕಡೆ ಬೆರಳು ತೋರಿಸಿದರು. ಇಂಥ ಯಾವುದಕ್ಕೂ ಬಕ್ಕತಲೆಯ ಗುಳಿಗೆ ಮದ್ದಲ್ಲ. ಆದ್ದರಿಂದ ಔಷಧಕ್ಕಿಂತ ಮೊದಲು ಕಾರಣ ಖಚಿತವಾಗಬೇಕು.

ಬುಡದಲ್ಲಿ ನಡೆಯುವುದೇನು

1942ರಲ್ಲಿ ಅಮೆರಿಕದ ಜೇಮ್ಸ್ ಹ್ಯಾಮಿಲ್ಟನ್ ಒಂದು ವಿಷಯ ತೋರಿಸಿದರು. ಪ್ರಾಯಕ್ಕೆ ಬರುವ ಮುಂಚೆಯೇ ವೃಷಣ ಕಳೆದುಕೊಂಡ ಗಂಡಸರು ಬೋಳಾಗುವುದಿಲ್ಲ. ಅಂಥವರಲ್ಲಿ ವಂಶದಲ್ಲಿ ಬೋಳು ಇದ್ದವರಿಗೆ ಟೆಸ್ಟೊಸ್ಟೆರೋನ್ ಕೊಟ್ಟರೆ ಬೋಳಾಗುತ್ತಾರೆ. ಅಂದರೆ ಬೇಕಾದದ್ದು ಎರಡು: ಗಂಡು ಹಾರ್ಮೋನು ಮತ್ತು ವಂಶದ ಗುಣ. ಗುಣ ಅವ್ವನ ಕಡೆಯಿಂದಷ್ಟೇ ಬರುತ್ತದೆ, ಸೋದರಮಾವನ ತಲೆ ನೋಡಿದರೆ ಸಾಕು ಎಂಬುದು ಅರ್ಧ ನಿಜ. ಮುಖ್ಯವಾದ ಒಂದು ಜೀನು ತಾಯಿಯಿಂದ ಬರುವ ಎಕ್ಸ್ ಕ್ರೋಮೊಸೋಮಿನಲ್ಲಿದೆ. ಉಳಿದ ಹಲವು ಅಪ್ಪನ ಕಡೆಯಿಂದಲೂ ಬರುತ್ತವೆ.

ಟೆಸ್ಟೊಸ್ಟೆರೋನನ್ನು ದೇಹದ ಒಂದು ಕಿಣ್ವ ಡಿಎಚ್‌ಟಿ ಎಂಬ ಇನ್ನಷ್ಟು ಬಲವಾದ ಹಾರ್ಮೋನಾಗಿ ಬದಲಿಸುತ್ತದೆ. ವಂಶದ ಗುಣ ಇರುವವರಲ್ಲಿ ಡಿಎಚ್‌ಟಿ ಹಣೆ ಮತ್ತು ನೆತ್ತಿಯ ಕೂದಲ ಬುಡವನ್ನು ಕುಗ್ಗಿಸುತ್ತ ಹೋಗುತ್ತದೆ. ಎರಡರಿಂದ ಆರು ವರ್ಷ ಬೆಳೆಯಬೇಕಾದ ಕೂದಲು ಕೆಲವೇ ತಿಂಗಳು ಬೆಳೆದು ಉದುರುತ್ತದೆ. ಮರಳಿ ಬರುವಾಗ ಇನ್ನೂ ತೆಳ್ಳಗೆ, ಗಿಡ್ಡಗೆ ಬಂದು ಕೊನೆಗೆ ನವಿರು ರೋಮವಾಗುತ್ತದೆ.

ಆ ಕಿಣ್ವವನ್ನು ತಡೆಯುವ ಯೋಚನೆ ಬಂದದ್ದು ಡೊಮಿನಿಕನ್ ಗಣರಾಜ್ಯದ ಲಾಸ್ ಸಲಿನಾಸ್ ಎಂಬ ಹಳ್ಳಿಯಿಂದ. ಅಲ್ಲಿ ಕೆಲವು ಮಕ್ಕಳು ಹುಟ್ಟಿನಿಂದ ಹೆಣ್ಣುಮಕ್ಕಳಂತೆ ಕಂಡು, ಪ್ರಾಯಕ್ಕೆ ಬಂದಾಗ ಗಂಡಾಗುತ್ತಿದ್ದರು. ಅವರಲ್ಲಿ ಈ ಕಿಣ್ವದ ಕೊರತೆ ಇದೆ ಎಂದು ಜೂಲಿಯಾನ್ ಇಂಪೆರಾಟೊ–ಮೆಕ್‌ಗಿನ್ಲಿ 1974ರಲ್ಲಿ ವರದಿ ಮಾಡಿದರು. ದೊಡ್ಡವರಾದ ಮೇಲೆ ಅವರ ಪ್ರೊಸ್ಟೇಟ್ ಗ್ರಂಥಿ ಸಣ್ಣದಾಗಿಯೇ ಉಳಿಯುತ್ತಿತ್ತು, ತಲೆ ಬೋಳಾಗುತ್ತಿರಲಿಲ್ಲ. ಈ ಸುಳಿವು ಹಿಡಿದು ಮರ್ಕ್ ಕಂಪನಿ ತಯಾರಿಸಿದ್ದೇ ಫಿನಾಸ್ಟೆರೈಡ್. ಅಮೆರಿಕದಲ್ಲಿ 1992ರಲ್ಲಿ ಪ್ರೊಸ್ಟೇಟ್‌ಗೆ 5 ಮಿಲಿಗ್ರಾಂ ಗುಳಿಗೆಗೂ, 1997ರಲ್ಲಿ ಕೂದಲಿಗೆ 1 ಮಿಲಿಗ್ರಾಂ ಗುಳಿಗೆಗೂ ಅನುಮತಿ ಸಿಕ್ಕಿತು.

ಎರಡು ಔಷಧ, ಎರಡು ದಾರಿ

ಫಿನಾಸ್ಟೆರೈಡ್ ದಿನಕ್ಕೊಂದು ಗುಳಿಗೆ. ರಕ್ತದಲ್ಲಿನ ಡಿಎಚ್‌ಟಿಯನ್ನು ಸುಮಾರು ಮೂರನೇ ಎರಡು ಭಾಗ ಇಳಿಸುತ್ತದೆ. 18ರಿಂದ 41 ವಯಸ್ಸಿನ ಗಂಡಸರ ಮೇಲೆ ನಡೆದ ಮುಖ್ಯ ಪ್ರಯೋಗಗಳಲ್ಲಿ, ಐದು ವರ್ಷ ನುಂಗಿದವರ ಫೋಟೊಗಳನ್ನು ಹೋಲಿಸಿದಾಗ 48% ಮಂದಿಗೆ ಕೂದಲು ಹೆಚ್ಚಿತ್ತು, 42% ಮಂದಿಗೆ ಇದ್ದದ್ದು ಇದ್ದಂತೆ ಇತ್ತು, 10% ಮಂದಿಗೆ ಕಡಿಮೆಯಾಗಿತ್ತು. ಬರೀ ಸಕ್ಕರೆ ಗುಳಿಗೆ ನುಂಗಿದವರಲ್ಲಿ 75% ಮಂದಿ ಇನ್ನಷ್ಟು ಕಳೆದುಕೊಂಡಿದ್ದರು.

ಮಿನಾಕ್ಸಿಡಿಲ್ ತಲೆಗೆ ಹಚ್ಚುವ ದ್ರವ. ಮೊದಲು ಬಿಪಿ ಗುಳಿಗೆಯಾಗಿತ್ತು. ನುಂಗಿದವರ ಮೈಮೇಲೆಲ್ಲ ರೋಮ ಬೆಳೆದದ್ದು ನೋಡಿ ಕೂದಲಿನ ಔಷಧವಾಯಿತು. 1988ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು. ಇದು ಹಾರ್ಮೋನಿನ ತಂಟೆಗೆ ಹೋಗುವುದಿಲ್ಲ, ಕೂದಲಿನ ಬೆಳವಣಿಗೆಯ ಅವಧಿಯನ್ನು ಹಿಗ್ಗಿಸುತ್ತದೆ. ಗಂಡಸರಿಗೆ 5% ದ್ರವ, 1 ಮಿಲಿಯಂತೆ ದಿನಕ್ಕೆ ಎರಡು ಸಲ, ಒಣಗಿದ ತಲೆಯ ಚರ್ಮಕ್ಕೆ ಹಚ್ಚಬೇಕು. ಮೊದಲ ಕೆಲವು ವಾರ ಉದುರುವುದು ಹೆಚ್ಚಾಗಬಹುದು. ಹಳೆಯ ಕೂದಲನ್ನು ಹೊಸದು ತಳ್ಳುವುದರಿಂದ ಹೀಗಾಗುತ್ತದೆ. ಗಾಬರಿಯಾಗಿ ಬಿಡುವವರು ಬಿಡುವುದು ಇದೇ ಹೊತ್ತಿಗೆ.

ನಮ್ಮ ಎರಿ ಹೊಲದ ಒಡ್ಡು ಇದ್ದ ಮಣ್ಣನ್ನು ಹಿಡಿದಿಡುತ್ತದೆ, ಹೋದ ಮಣ್ಣನ್ನು ತರುವುದಿಲ್ಲ. ಈ ಔಷಧಗಳ ಕೆಲಸವೂ ಹೆಚ್ಚುಕಡಿಮೆ ಅಷ್ಟೇ. ತೆಳ್ಳಗಾದ ಜಾಗ ಕೊಂಚ ದಟ್ಟವಾಗಬಹುದು. ವರ್ಷಗಟ್ಟಲೆ ನುಣ್ಣಗಿರುವ ಜಾಗ ಮತ್ತೆ ತುಂಬುವ ಆಸೆ ಇಟ್ಟುಕೊಳ್ಳಬಾರದು. ಅದಕ್ಕೇ ಬೇಗ ಶುರು ಮಾಡಿದವರಿಗೆ ಲಾಭ ಹೆಚ್ಚು. ಅವರು ನುಂಗಬೇಕಾದ ವರ್ಷಗಳೂ ಹೆಚ್ಚು. ಬಿಟ್ಟರೆ ಮಿನಾಕ್ಸಿಡಿಲ್ ತಂದ ಕೂದಲು ಕೆಲವೇ ತಿಂಗಳಲ್ಲಿ, ಫಿನಾಸ್ಟೆರೈಡ್ ಉಳಿಸಿದ ಕೂದಲು ವರ್ಷದೊಳಗೆ ಹೋಗುತ್ತದೆ.

ಎಣ್ಣೆಗಳ ಮಾತೂ ಬರಬೇಕು. ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿ ಸಮುದಾಯದ ಆದಿವಾಸಿ ಹೇರ್ ಆಯಿಲ್ ಇಂದು ದೇಶಕ್ಕೆಲ್ಲ ಗೊತ್ತು. ಎಣ್ಣೆ ಕೂದಲಿಗೆ ಹೊಳಪು ಕೊಡುತ್ತದೆ, ತುಂಡಾಗುವುದನ್ನು ಕಡಿಮೆ ಮಾಡುತ್ತದೆ. ಆದರೆ ವಂಶದ ಬೋಳನ್ನು ತಲೆಗೆಣ್ಣೆ ತಡೆಯುತ್ತದೆ ಎನ್ನಲು ಈ ಎರಡು ಔಷಧಗಳಿಗಿರುವಂಥ ಪ್ರಯೋಗಗಳ ಆಧಾರ ಇಲ್ಲ. ಬಯೋಟಿನ್ ಗುಳಿಗೆಯೂ ಕೊರತೆ ಇಲ್ಲದವರಿಗೆ ಉಪಯೋಗವಿಲ್ಲ. ಸಾಲದ್ದಕ್ಕೆ ಥೈರಾಯ್ಡಿನಂಥ ರಕ್ತಪರೀಕ್ಷೆಗಳ ಫಲಿತಾಂಶವನ್ನೇ ತಪ್ಪಾಗಿ ತೋರಿಸಬಲ್ಲದು.

ಭಯ ಎಷ್ಟು, ನಿಜ ಎಷ್ಟು

ಹುಡುಗರು ವೈದ್ಯರ ಮುಂದೆ ಕೇಳಲು ನಾಚುವ ಪ್ರಶ್ನೆ ಒಂದೇ: ‘ಸಂಸಾರಕ್ಕೆ ತೊಂದರೆ ಆಗುತ್ತದಾ?’ ಮುಖ್ಯ ಪ್ರಯೋಗಗಳ ಮೊದಲ ವರ್ಷದಲ್ಲಿ ಲೈಂಗಿಕ ಆಸಕ್ತಿ, ನಿಮಿರುವಿಕೆ, ವೀರ್ಯಸ್ಖಲನದ ತೊಂದರೆಗಳಲ್ಲಿ ಒಂದಲ್ಲ ಒಂದನ್ನು ಹೇಳಿದವರು ಫಿನಾಸ್ಟೆರೈಡ್ ಗುಂಪಿನಲ್ಲಿ 3.8%, ಸಕ್ಕರೆ ಗುಳಿಗೆಯ ಗುಂಪಿನಲ್ಲಿ 2.1%. ಹೆಚ್ಚಿನವರಿಗೆ ಗುಳಿಗೆ ಬಿಟ್ಟ ಮೇಲೆ ಸರಿಹೋಗುತ್ತದೆ. ಬಿಟ್ಟ ಮೇಲೂ ತೊಂದರೆ ಉಳಿಯಿತೆಂದು ಹೇಳುವವರಿದ್ದಾರೆ, ಔಷಧದ ಚೀಟಿಯಲ್ಲೇ ಆ ಮಾತು ಸೇರಿದೆ. ಎಷ್ಟು ಜನರಿಗೆ, ಏಕೆ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಭಯದ ಪಾಲೂ ಇದೆ. 2007ರ ಇಟಲಿಯ ಅಧ್ಯಯನವೊಂದರಲ್ಲಿ ಪ್ರೊಸ್ಟೇಟ್‌ಗೆ ಈ ಗುಳಿಗೆ ಪಡೆದವರ ಪೈಕಿ ಮೊದಲೇ ಎಚ್ಚರಿಕೆ ಕೇಳಿದವರಲ್ಲಿ 43.6%, ಕೇಳದವರಲ್ಲಿ 15.3% ಮಂದಿ ಲೈಂಗಿಕ ತೊಂದರೆ ಹೇಳಿದರು. ಹಾಗೆಂದು ತೊಂದರೆ ಹೇಳುವವರದೆಲ್ಲ ಭ್ರಮೆ ಎನ್ನುವುದು ತಪ್ಪು.

ಮನಸ್ಸಿನ ವಿಷಯ ಇನ್ನೂ ಗಂಭೀರ. ಆತ್ಮಹತ್ಯೆಯ ಯೋಚನೆ ಫಿನಾಸ್ಟೆರೈಡ್ ಗುಳಿಗೆಯ ಅಡ್ಡಪರಿಣಾಮ ಎಂದು ಯುರೋಪಿನ ಔಷಧ ನಿಯಂತ್ರಕರು 2025ರಲ್ಲಿ ದೃಢಪಡಿಸಿದರು. ಖಿನ್ನತೆ ಇದ್ದವರು, ಹಿಂದೆ ಆಗಿಹೋದವರು ಅದನ್ನು ವೈದ್ಯರಿಗೆ ಹೇಳದೆ ಈ ಗುಳಿಗೆ ಮುಟ್ಟಬಾರದು. ನುಂಗುವಾಗ ಮನಸ್ಸು ಕುಸಿದರೆ ಅಂದೇ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ತಲೆಗೆ ಹಚ್ಚುವ ಫಿನಾಸ್ಟೆರೈಡ್ ಮಿಶ್ರಣ ಪೂರ್ತಿ ನಿರಪಾಯ ಎಂಬ ಜಾಹೀರಾತನ್ನೂ ನಂಬಬೇಡಿ. ಅಮೆರಿಕದ ನಿಯಂತ್ರಕರು 2025ರಲ್ಲಿ ಅಂಥ ಮಿಶ್ರಣಗಳ ಬಗ್ಗೆಯೂ ಎಚ್ಚರಿಸಿದ್ದಾರೆ.

ಮಿನಾಕ್ಸಿಡಿಲ್‌ನ ತೊಂದರೆ ಹೆಚ್ಚಾಗಿ ತುರಿಕೆ, ಹೊಟ್ಟು, ಮುಖಕ್ಕೆ ಇಳಿದಲ್ಲಿ ರೋಮ. ಎದೆ ಡವಡವ, ತಲೆಸುತ್ತು, ಕಾಲು ಬಾವು ಕಂಡರೆ ನಿಲ್ಲಿಸಬೇಕು. ಹೃದಯದ ತೊಂದರೆ ಇದ್ದವರು ಕೇಳದೆ ಹಚ್ಚಬಾರದು.

ಮನೆಯವರ ಎಚ್ಚರ

ಫಿನಾಸ್ಟೆರೈಡ್ ಗರ್ಭದಲ್ಲಿರುವ ಗಂಡುಮಗುವಿನ ಜನನಾಂಗದ ಬೆಳವಣಿಗೆಗೆ ಅಡ್ಡಿ ಮಾಡಬಲ್ಲದು. ದುಡ್ಡು ಉಳಿಸಲು 5 ಮಿಲಿಗ್ರಾಂ ಗುಳಿಗೆಯನ್ನು ನಾಲ್ಕು ತುಂಡು ಮಾಡುವವರಿದ್ದಾರೆ. ಆ ತುಂಡು, ಪುಡಿಯನ್ನು ಬಸುರಿ ಹೆಂಡತಿ ಮುಟ್ಟಬಾರದು. ಮಗುವಿಗಾಗಿ ಪ್ರಯತ್ನಿಸುತ್ತಿರುವವರು ಮೊದಲೇ ವೈದ್ಯರೊಂದಿಗೆ ಮಾತಾಡಬೇಕು, ಕೆಲವರಲ್ಲಿ ವೀರ್ಯಾಣು ಕಡಿಮೆಯಾದದ್ದಿದೆ. ರಕ್ತದಾನ ಮಾಡುವಾಗ ಗುಳಿಗೆಯ ಮಾತು ತಿಳಿಸಿ, ಬಿಟ್ಟು ತಿಂಗಳಾದರೂ ಕಳೆಯಬೇಕು. ಮುಂದೆ ಪ್ರೊಸ್ಟೇಟ್ ತಪಾಸಣೆಗೆ ಪಿಎಸ್‌ಎ ಪರೀಕ್ಷೆ ಮಾಡಿಸಿದರೂ ಹೇಳಿ, ಈ ಗುಳಿಗೆ ಆ ಅಂಕಿಯನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ. ಮಿನಾಕ್ಸಿಡಿಲ್ ಹಚ್ಚಿದ ತಲೆಗೆ ಕೂಸಿನ ಕೈ ಬಾಯಿ ತಾಗಬಾರದು. ಬೆಕ್ಕಿಗಂತೂ ಅದು ವಿಷ.

ತೀರ್ಮಾನದ ಲೆಕ್ಕ

ತಿಂಗಳ ಖರ್ಚನ್ನು 12ರಿಂದ, ಮತ್ತೆ 10ರಿಂದ ಗುಣಿಸಿ ನೋಡಿ. ಅಷ್ಟು ಹಣ, ಅಷ್ಟು ವರ್ಷದ ಶಿಸ್ತು ನಿಮ್ಮಿಂದಾಗುತ್ತದೆಯೇ? ಸುಗ್ಗಿಯಲ್ಲಿ ಮರೆತು, ದುಡಿಯಲು ಊರು ಬಿಟ್ಟಾಗ ಮರೆತು ನುಂಗಿದರೆ ಫಲವಿಲ್ಲ. ಮುಂದಿನ ತಿಂಗಳು ಕನ್ಯಾ ನೋಡಲು ಹೋಗಬೇಕೆಂದು ಈ ತಿಂಗಳು ಶುರು ಮಾಡುವುದಂತೂ ವ್ಯರ್ಥ. ಮಿನಾಕ್ಸಿಡಿಲ್‌ನ ಫಲ ತಿಳಿಯಲು ಆರು ತಿಂಗಳು, ಫಿನಾಸ್ಟೆರೈಡಿನದಕ್ಕೆ ಒಂದು ವರ್ಷ ಬೇಕು.

ಅವಸರವಿಲ್ಲದಿದ್ದರೆ ಮೊದಲು ಫೋಟೊ ತೆಗೆದಿಡಿ: ಒಣ ತಲೆ, ಅದೇ ಜಾಗ, ಅದೇ ಬೆಳಕು, ಮೂರು ತಿಂಗಳಿಗೊಮ್ಮೆ. ಫೋಟೊದಲ್ಲಿ ವ್ಯತ್ಯಾಸ ಕಾಣದಿದ್ದರೆ ಕಾಯಬಹುದು. ವೇಗವಾಗಿ ಹೋಗುತ್ತಿದ್ದರೆ, ಅದು ನಿಮ್ಮನ್ನು ನಿಜಕ್ಕೂ ಬಾಧಿಸುತ್ತಿದ್ದರೆ ಔಷಧಕ್ಕೆ ಅರ್ಥವಿದೆ. ಎರಡನ್ನೂ ಒಂದೇ ದಿನ ಶುರು ಮಾಡದೆ ಒಂದೊಂದಾಗಿ ತೊಡಗಿದರೆ ಯಾವುದರಿಂದ ಏನಾಯಿತೆಂದು ತಿಳಿಯುತ್ತದೆ. ಕೂದಲು ಕಸಿ ಮಾಡಿಸಿದವರಿಗೂ ಸುತ್ತಲಿನ ಹಳೆಯ ಕೂದಲು ಉಳಿಯಲು ಸಾಮಾನ್ಯವಾಗಿ ಔಷಧ ಬೇಕಾಗುತ್ತದೆ, ಆದ್ದರಿಂದ ಅದು ಗುಳಿಗೆಗೆ ಬದಲಿ ಅಲ್ಲ.

ಬೇಡ ಎನ್ನುವುದೂ ಪೂರ್ತಿ ಸರಿಯಾದ ತೀರ್ಮಾನವೇ. ಬಕ್ಕತಲೆಯಿಂದ ದೇಹಕ್ಕೆ ಅಪಾಯವಿಲ್ಲ. ಕೂದಲು ಸಣ್ಣಗೆ ಕತ್ತರಿಸಿಕೊಂಡು ಮುಂದೆ ಸಾಗುವವನು ಸೋತವನಲ್ಲ, ಬೇರೆ ಲೆಕ್ಕ ಹಾಕಿದವನು.

ಬೇಕು ಎನಿಸಿದರೆ ಮೆಡಿಕಲ್ ಶಾಪಿನ ಕೌಂಟರಿನಲ್ಲಿ ತೀರ್ಮಾನ ಮಾಡಬೇಡಿ. ಫಿನಾಸ್ಟೆರೈಡನ್ನು ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ಗದಗಿನ ಜಿಮ್ಸ್, ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಆಸ್ಪತ್ರೆಗಳ ಚರ್ಮರೋಗ ವಿಭಾಗಕ್ಕೆ ಹೋಗಬಹುದು, ಅಷ್ಟು ದೂರ ಆಗದಿದ್ದರೆ ಸರ್ಕಾರದ ಇ–ಸಂಜೀವಿನಿಯಲ್ಲಿ ಮೊಬೈಲಿನಿಂದಲೇ ವೈದ್ಯರೊಂದಿಗೆ ಮೊದಲ ಮಾತು ಆಡಬಹುದು. ಹೋಗುವಾಗ ತಲೆಯ ಹಳೆಯ ಫೋಟೊ, ಈಗ ನುಂಗುವ ಗುಳಿಗೆಗಳ ಪಟ್ಟಿ, ಕಳೆದ ಆರು ತಿಂಗಳ ಜ್ವರ–ಜಡ್ಡಿನ ವಿವರ ಒಯ್ಯಿರಿ. ಕೇಳಬೇಕಾದ್ದು ನಾಲ್ಕು: ಇದು ವಂಶದ ಬೋಳೇ ಹೌದೇ, ಯಾವುದರಿಂದ ಶುರು ಮಾಡಲಿ, ಯಾವ ಲಕ್ಷಣ ಕಂಡರೆ ನಿಲ್ಲಿಸಲಿ, ಮತ್ತೆ ಯಾವಾಗ ಬರಲಿ.