ಮಗಳಿಗೆ ಹೊಸಮನೆ ಕಟ್ಟುವ ಮಿಸರಿ

ಶಿರಸಿ ಸೀಮೆಯ ಆ ಪುಟ್ಟ ಮನೆಯ ಹಿಂಗೋಡೆಗೆ ಬಿದಿರಿನ ಅಂಡೆ, ಹಳೆಯ ಮಡಕೆ, ಹಲಗೆ ಪೆಟ್ಟಿಗೆಗಳನ್ನು ಸಾಲಾಗಿ ತೂಗುಹಾಕಿದ್ದಾರೆ. ಒಳಗಿರುವುದು ಮಿಸರಿ ಜೇನು, ಕರಾವಳಿಯವರ ಮುಜಂಟಿ. "ಹತ್ತಿರ ಬನ್ನಿ, ಎಂತ ಮಾಡೂದಿಲ್ಲ" ಎಂದರು ಮನೆಯಾಕೆ. 4 ಮಿಲಿಮೀಟರ್ ಉದ್ದದ ಈ ನೊಣಕ್ಕೆ ಚುಚ್ಚುವ ಮುಳ್ಳಿಲ್ಲ. ಸಿಟ್ಟು ಬಂದರೆ ಕೂದಲಿಗೆ ಸಿಕ್ಕಿಕೊಂಡು ಪೀಡಿಸುತ್ತದೆ, ಅಷ್ಟೆ.

ಆಕೆಗೆ ತೋಟವಿಲ್ಲ, ಅಡಿಕೆ ಸುಲಿಯುವ ಕೂಲಿಯೇ ಆದಾಯ. ಜೇನಿಗೆ ಅವರ ಹೆಸರಿನ ಪಹಣಿ ಬೇಡ, ಊರವರ ತೋಟ ಮತ್ತು ಬೆಟ್ಟದ ಹೂವು ಸಾಕು. ಹೊಲವಿಲ್ಲದವರಿಗೆ ಇಷ್ಟು ಹೊಂದುವ ಕಸುಬು ಹಳ್ಳಿಯಲ್ಲಿ ಬೇರೆ ಯಾವುದಿದೆ?

ನನ್ನನ್ನು ಹಿಡಿದು ನಿಲ್ಲಿಸಿದ್ದು ಮಿಸರಿ ಪಾಲಾಗುವ ರೀತಿ. ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನಿನಲ್ಲಿ ಹಳೆಯ ರಾಣಿಯೇ ದಂಡು ಕಟ್ಟಿಕೊಂಡು ಹೊರಡುತ್ತಾಳೆ, ಗೂಡು ಮಗಳಿಗೆ. ಮಿಸರಿಯಲ್ಲಿ ತಾಯಿಯ ಹೊಟ್ಟೆ ಮೊಟ್ಟೆಯಿಂದ ಉಬ್ಬಿ ಹಾರುವ ಶಕ್ತಿಯೇ ಹೋಗಿರುತ್ತದೆ, ಹೋಗಬೇಕಾದವಳು ಮಗಳು. ಆದರೆ ಬರಿಗೈಯಲ್ಲಿ ಅಲ್ಲ. ಕೆಲಸಗಾರ ನೊಣಗಳು ಮೊದಲು ಪೊಟರೆ ಹುಡುಕಿ, ಹಳೆಯ ಗೂಡಿನಿಂದ ಮೇಣ, ಮರದಂಟು, ಜೇನು ಸಾಗಿಸಿ ಹೊಸಮನೆ ಸಜ್ಜು ಮಾಡುತ್ತವೆ. ಮಗಳು ಹೋದ ಮೇಲೂ ಕೆಲವು ದಿನ ಈ ಓಡಾಟ ನಿಲ್ಲುವುದಿಲ್ಲ. ಬಾಣಂತಿ ಮಗಳ ಮನೆಗೆ ಡಬ್ಬಿಗಟ್ಟಲೆ ಕಳಿಸುವ ತವರೇ ಸರಿ! ಆಕೆ ಖಾಲಿ ಮಡಕೆಯ ಬಾಯಿಗೆ ಹಳೆಯ ಮೇಣ ಸವರಿ ಇಡುತ್ತಾರೆ; ಆ ವಾಸನೆಗೆ ಹೊಸ ಸಂಸಾರ ಬಂದು ನೆಲೆಸುವುದುಂಟು.

ತುಪ್ಪ ಮಾತ್ರ ಬಲು ಕಡಿಮೆ, ವರ್ಷಕ್ಕೆ ಗೂಡೊಂದಕ್ಕೆ ಕೆಲವು ನೂರು ಗ್ರಾಂ. ಹುಳಿಮಿಶ್ರಿತ ಆ ರುಚಿಗೆ, ಮದ್ದಿನ ಹೆಸರಿಗೆ ತುಡುವೆ ಜೇನಿನ ಹಲವು ಪಟ್ಟು ಬೆಲೆ.

ಪೆಟ್ಟಿಗೆ ಜೇನಿನ ಕಥೆ ಓದುಗರಿಗೆ ಗೊತ್ತಿದ್ದದ್ದೇ: ಕಳೆದ ಶತಮಾನದ ಆರಂಭದಲ್ಲಿ ಪಾದ್ರಿ ನ್ಯೂಟನ್ ರೂಪಿಸಿದ ಪೆಟ್ಟಿಗೆ, ಕೊಡಗು ಜೇನಿನ ಖ್ಯಾತಿ, 1990ರ ದಶಕದ ಆರಂಭದಲ್ಲಿ ತುಡುವೆ ಮರಿಗಳನ್ನು ಕೊಂದ ಥಾಯ್ ಸ್ಯಾಕ್‌ಬ್ರೂಡ್ ರೋಗ, ಮತ್ತೆ ನಿಧಾನದ ಚೇತರಿಕೆ. ಈಗ ಪೆಟ್ಟಿಗೆ ಹಂಚುವ ಯೋಜನೆಗಳಿವೆ. ಹಂಚಿಕೆಯೊಂದರಲ್ಲೇ ನನಗೆ ನಂಬಿಕೆಯಿಲ್ಲ. ಆಷಾಢದ ಮಳೆಯಲ್ಲಿ ತುಡುವೆಗೆ ಸಕ್ಕರೆ ಪಾಕ ಇಡುವುದು, ಮೇಣದ ಹುಳು ಬಿದ್ದ ಎರಿ ಕಿತ್ತೆಸೆಯುವುದು, ಪೆಟ್ಟಿಗೆಯ ಕಾಲಿಗೆ ನೀರಿನ ಬಟ್ಟಲಿಟ್ಟು ಇರುವೆ ತಡೆಯುವುದು ಯಾರಾದರೂ ಪಕ್ಕದಲ್ಲಿ ನಿಂತು ತೋರಿಸದೆ ಬರುವುದಿಲ್ಲ. ಅದಿಲ್ಲದ ಕಡೆ ಪೆಟ್ಟಿಗೆ ಕೋಳಿಗೂಡಾಗುತ್ತದೆ.

ಪಕ್ಕದಲ್ಲಿ ನಿಂತು ತೋರಿಸುವ ಆ ಕೆಲಸವನ್ನೇ ಶಿರಸಿ ಸೀಮೆಯ ಆ ಮನೆಯಾಕೆ ಮಾಡುತ್ತಿದ್ದಾರೆ. ಮಳೆ ಕಳೆದ ಮೇಲೆ ಕೇರಿಯ ಇಬ್ಬರಿಗೆ ಗೂಡು ಪಾಲು ಮಾಡಿ ಕೊಡುವ ಮಾತಾಗಿದೆ. ದುಡ್ಡು ಮೊದಲ ತುಪ್ಪ ಮಾರಿದ ಮೇಲೆ.