ನಿಮಗಿದು ಗೊತ್ತೇ? ಲಕ್ವ ಹೊಡೆದಾಗ ಬಿಳಿ ರಕ್ತಕಣಗಳು ಏನು ಮಾಡುತ್ತವೆ?

ಮಿದುಳಿನ ದೊಡ್ಡ ರಕ್ತನಾಳವೊಂದು ರಕ್ತದ ಹೆಪ್ಪಿನಿಂದ ಮುಚ್ಚಿಹೋದರೆ ನಿಮಿಷಕ್ಕೆ ಸರಾಸರಿ 19 ಲಕ್ಷ ನರಕೋಶಗಳು ಸಾಯುತ್ತವೆ. ಗುಬ್ಬಿಯಿಂದ ತುಮಕೂರಿನ ಆಸ್ಪತ್ರೆಗೆ ಸುಮಾರು 20 ಕಿ.ಮೀ. ದಾರಿ ಅರ್ಧ ಗಂಟೆ ಹಿಡಿದರೆ 5 ಕೋಟಿ 70 ಲಕ್ಷ ಕೋಶ ಹೋದವು. ಕುಣಿಗಲ್ಲಿನಿಂದ ಹೆಚ್ಚುಕಡಿಮೆ ಎರಡರಷ್ಟು ದೂರ. ಲೆಕ್ಕ ನೀವೇ ಹಾಕಿ.

ಸಾಯುವ ಕೋಶ ಒಡೆದು ಒಳಗಿನದನ್ನೆಲ್ಲ ಹೊರಚೆಲ್ಲುತ್ತದೆ. ಅದನ್ನೇ ರೋಗನಿರೋಧಕ ವ್ಯವಸ್ಥೆ ಅಪಾಯದ ಸುದ್ದಿ ಎಂದು ತಿಳಿಯುತ್ತದೆ. ಒಂದೂ ಕ್ರಿಮಿ ಇಲ್ಲದ ಜಾಗದಲ್ಲಿ ಉರಿಯೂತ!

ಮೊದಲು ಏಳುವುದು ಮಿದುಳಲ್ಲೇ ನೆಲೆಸಿರುವ ಮೈಕ್ರೋಗ್ಲಿಯಾ ಕೋಶಗಳು, ಅದೂ ನಿಮಿಷಗಳಲ್ಲಿ. ಕೆಲವೇ ಗಂಟೆಗಳಲ್ಲಿ ರಕ್ತದಿಂದ ನ್ಯೂಟ್ರೋಫಿಲ್ ಎಂಬ ಬಿಳಿ ಕಣಗಳು ಬರುತ್ತವೆ. ಮೊದಲ ಮೂರು ದಿನ ಅವುಗಳದೇ ಜಾತ್ರೆ.

ಇವುಗಳಲ್ಲಿ ಕೆಲವು ತಲೆಬುರುಡೆಯ ಮಜ್ಜೆಯಿಂದಲೇ ಕಿರುನಾಳಗಳ ಮೂಲಕ ಇಳಿದು ಬರುತ್ತವೆ ಎಂದು 2018ರಲ್ಲಿ ಅಮೆರಿಕದ ಸಂಶೋಧಕರು ಇಲಿಗಳಲ್ಲಿ ಕಂಡುಕೊಂಡರು.

ಹಾಗಾದರೆ ಬಿಳಿ ಕಣಗಳನ್ನು ತಡೆದುಬಿಟ್ಟರೆ? ಎನ್ಲಿಮೊಮ್ಯಾಬ್ ಎಂಬ ಔಷಧಿ ಕೊಟ್ಟು ನೋಡಿದ್ದೂ ಆಯಿತು. 2001ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಔಷಧಿ ಪಡೆದವರ ಸ್ಥಿತಿಯೇ ಹೆಚ್ಚು ಕೆಟ್ಟಿತ್ತು. ಜ್ವರ, ಸೋಂಕು, ಸಾವು ಎಲ್ಲವೂ ಹೆಚ್ಚು. ಈ ಕಣಗಳು ಹಾನಿ ಮಾಡುವುದೂ ನಿಜ, ಸತ್ತ ಕೋಶಗಳನ್ನು ತೆಗೆದು ದುರಸ್ತಿಗೆ ದಾರಿ ಮಾಡುವುದೂ ನಿಜ.

ನನಗೆ ಎಲ್ಲಕ್ಕಿಂತ ವಿಚಿತ್ರ ಎನಿಸುವುದು ಇದು: ಮಿದುಳಲ್ಲಿ ಉರಿಯೂತ ಏರುತ್ತಿರುವಾಗಲೇ ಮೈಯ ಉಳಿದೆಡೆ ರೋಗನಿರೋಧಕ ಶಕ್ತಿ ಕುಸಿಯುತ್ತದೆ. ಒತ್ತಡದ ನರಗಳು, ಹಾರ್ಮೋನುಗಳು ಅದನ್ನು ಅದುಮುತ್ತವೆ. ಲಿಂಫೋಸೈಟ್ ಎಂಬ ಬಿಳಿ ಕಣಗಳು ಇಳಿಯುತ್ತವೆ, ಗುಲ್ಮ ಕುಗ್ಗುವುದೂ ಉಂಟು. ಅದೇ ಹೊತ್ತಿಗೆ ಗಂಟಲಿನ ಸ್ನಾಯುಗಳೂ ಸೋತಿರುತ್ತವೆ. ‘ಪಾಪ, ಒಂದು ಗುಟುಕು ಕಾಫಿ ಕುಡಿಸಿ’ ಎಂದು ಅಕ್ಕಪಕ್ಕದವರು ಲೋಟ ತಂದರೆ ಕಾಫಿ ಶ್ವಾಸಕೋಶಕ್ಕೆ ಇಳಿಯಬಹುದು. ಅಲ್ಲಿ ಕಾವಲಿಗೆ ಜನ ಕಡಿಮೆ. ನ್ಯುಮೋನಿಯಾ ಹಿಡಿಯುವುದು ಹೀಗೆ.

ಎಲ್ಲರಿಗೂ ಮೊದಲೇ ಆ್ಯಂಟಿಬಯಾಟಿಕ್ ಕೊಟ್ಟರೆ ಆಗದೇ? ನೆದರ್ಲೆಂಡ್ಸ್‌ನಲ್ಲಿ 2,500ಕ್ಕೂ ಹೆಚ್ಚು ರೋಗಿಗಳ ಮೇಲೆ ಪರೀಕ್ಷಿಸಿದರು. 2015ರ ವರದಿ ಪ್ರಕಾರ ಚೇತರಿಕೆಯಲ್ಲಿ ವ್ಯತ್ಯಾಸವಾಗಲಿಲ್ಲ. ಹಾಗಾಗಿ ನುಂಗುವ ಶಕ್ತಿ ಪರೀಕ್ಷಿಸುವವರೆಗೆ ಬಾಯಿಗೆ ನೀರು, ಗಂಜಿ, ಮಾತ್ರೆ ಏನೂ ಹಾಕಬಾರದು.

ಲಕ್ವಕ್ಕೆ ಪಾರಿವಾಳದ ರಕ್ತ ಹಚ್ಚಿಸಲು ಹೊರಡುವವರು ಇನ್ನೂ ಇದ್ದಾರೆ. ಚರ್ಮಕ್ಕೆ ಸವರಿದ ರಕ್ತ ಮಿದುಳಿನ ಹೆಪ್ಪನ್ನು ಕರಗಿಸದು. ಕರಗಿಸುವ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಗಡುವು, ಅದಕ್ಕೂ ಮೊದಲು ಸಿಟಿ ಸ್ಕ್ಯಾನ್ ಆಗಬೇಕು. 108ಕ್ಕೆ ಫೋನ್ ಮಾಡಿ, ರೋಗಿ ಕೊನೆಯ ಬಾರಿ ಸರಿಯಾಗಿದ್ದ ಹೊತ್ತನ್ನು ಬರೆದಿಟ್ಟುಕೊಳ್ಳಿ.

ಮಿದುಳಲ್ಲಿ ಉರಿಯೂತ, ಮೈಯಲ್ಲಿ ಕುಸಿತ ಎಂಬ ಈ ಎರಡು ಮುಖದ ಕಥೆ ತುಮಕೂರಿನ ಬಿ.ಎಚ್. ರಸ್ತೆಯ ಸಾಧಾರಣ ಲ್ಯಾಬಿನ ರಕ್ತಕಣ ಎಣಿಕೆಯ (ಸಿಬಿಸಿ) ವರದಿಯಲ್ಲೂ ಕಾಣಬಹುದು: ನ್ಯೂಟ್ರೋಫಿಲ್ ಮೇಲೆ, ಲಿಂಫೋಸೈಟ್ ಕೆಳಗೆ. ಇವೆರಡರ ಅಂತರ ಹೆಚ್ಚಿದಷ್ಟೂ ಚೇತರಿಕೆ ಕಷ್ಟವಾಗುವುದುಂಟು. ಆದರೆ ಬೇರೆ ಸೋಂಕಿನಲ್ಲೂ ಈ ಅಂಕಿಗಳು ಹೀಗೇ ಏರಿಳಿಯುತ್ತವೆ. ವರದಿ ಓದುವ ಕೆಲಸ ಡಾಕ್ಟರಿಗೇ ಬಿಡಿ.